ದ್ವಿಮಾನ ಗಣಿತದ ಪ್ರವರ್ತಕ ಲೈಬ್ನಿಟ್ಸ್

ವಿದ್ಯೆಯ ಬೀಜವು ಬಿತ್ತಿದವನ ಕಣ್ಣೆದುರಿನಲ್ಲಿಯೇ ಫಲ ಕೊಡಬೇಕೆಂಬ ನಿಯಮವಿಲ್ಲ. ಬಿತ್ತಿದವನು ಕಾಲವಶನಾಗಿ ಎರಡು ಶತಮಾನಗಳು ಸಂದ ಮೇಲೆ ಫಲಿಸಿದ ವಿದ್ಯೆಗೆ ಜರ್ಮನಿಯ ಮಹಾಮೇಧಾವಿ ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸನ ದ್ವಿಮಾನ ಗಣಿತವು ಉತ್ತಮ ನಿದರ್ಶನವಾಗಿದೆ.

ಲೈಬ್ನಿಟ್ಸನು ೧೬೪೬ನೆಯ ಇಸವಿ ಜುಲೈ ೧ರಂದು ಲೈಪ್‌ಜಿಗ್ ನಗರದಲ್ಲಿ ಜನಿಸಿದನು. ಅವನ ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಆರನೆಯ ವಯಸ್ಸಿನಲ್ಲಿಯೇ ಪಿತೃವಿಯೋಗಕ್ಕೆ ಗುರಿಯಾದ ಬಾಲಕನಿಗೆ ತಂದೆಯ ಪುಸ್ತಕ ಭಂಡಾರವೇ ಗುರುವಾಯಿತು. ಲ್ಯಾಟಿನ್ ಭಾಷೆಯನ್ನು ಅವನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕಲಿತನು. ಹುಟ್ಟೂರಿನ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನು ನಿರಾಕರಿಸಲು, ಆಲ್ಟ್‌ಡಾರ್ಫಿಗೆ ತೆರಳಿ ೧೬೬೭ರಲ್ಲಿ ನ್ಯಾಯಶಾಸ್ತ್ರದಲ್ಲಿ ಆ ಪದವಿಯನ್ನು ಪಡೆದನು.

೧೬೭೨ರಿಂದ ೧೬೭೬ರವರೆಗಿನ ಪ್ಯಾರಿಸ್ ವಾಸದಲ್ಲಿ ಹೈಗೆನ್ಸನ ಮಾರ್ಗದರ್ಶನ ದೊರೆತು ಅವನ ಗಣಿತಪ್ರತಿಭೆ ಅರಳಿತು. ಕಲನಶಾಸ್ತ್ರದ ತಳಹದಿಯನ್ನು ಅವನು ಹಾಕಿದುದು ಅಲ್ಲಿಯೇ. ೧೬೭೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಲೆಕ್ಕದ ಯಂತ್ರದ ಮಾದರಿಯನ್ನು ಪ್ರದರ್ಶಿಸಿದನು. ಅನಂತರ ಹ್ಯಾನೋವರಿನ ರಾಜಾಸ್ಥಾನದಲ್ಲಿ ಗ್ರಂಥಪಾಲಕನೂ ಸಲಹೆಗಾರನೂ ಆಗಿ ನೆಲೆಸಿದನು.

ದ್ವಿಮಾನ ಪದ್ಧತಿಯನ್ನು ಕುರಿತ ಅವನ ಪ್ರಸಿದ್ಧ ಹಸ್ತಪ್ರತಿ ೧೬೭೯ರ ಮಾರ್ಚ್ ೧೫ರದು. ನಮ್ಮ ದಶಮಾನ ಪದ್ಧತಿಯಲ್ಲಿ ಬಲದಿಂದ ಎಡಕ್ಕೆ ಸರಿದಂತೆ ಸ್ಥಾನಬೆಲೆ ಹತ್ತರಷ್ಟಾಗುತ್ತದೆ. ದ್ವಿಮಾನದಲ್ಲಿ ಅದು ಇಮ್ಮಡಿಯಾಗುತ್ತ ಒಂದು, ಎರಡು, ನಾಲ್ಕು, ಎಂಟು ಎಂದು ಬೆಳೆಯುತ್ತದೆ. ಬಳಸುವ ಅಂಕಗಳು ಎರಡೇ: ಒಂದು ಮತ್ತು ಸೊನ್ನೆ. ಎಂಟು, ನಾಲ್ಕು ಮತ್ತು ಒಂದು ಸೇರಿದ ಹದಿಮೂರು ೧೧೦೧ ಎಂದಾಗುತ್ತದೆ. ಏಳು ೧೧೧ ಎಂದಾಗುತ್ತದೆ.

ಹದಿಮೂರರಲ್ಲಿ ಏಳನ್ನು ಕಳೆಯುವ ಕ್ರಮವನ್ನು ಗಮನಿಸಬಹುದು. ಬಲತುದಿಯಲ್ಲಿ ಒಂದರಲ್ಲಿ ಒಂದು ಹೋದರೆ ಸೊನ್ನೆ. ಎರಡರ ಸ್ಥಾನದಲ್ಲಿ ಸೊನ್ನೆಯಿರುವುದರಿಂದ ನಾಲ್ಕರ ಸ್ಥಾನದಿಂದ ಎರವು ತರಬೇಕು. ಹೀಗೆ ತಂದ ಒಂದು ಇಲ್ಲಿ ಹತ್ತಾಗದೆ ಎರಡಾಗುತ್ತದೆ. ಎರಡರಲ್ಲಿ ಒಂದು ಹೋಗಿ ಒಂದು ಉಳಿಯುತ್ತದೆ. ಬರಿದಾದ ನಾಲ್ಕರ ಸ್ಥಾನಕ್ಕೆ ಎಂಟರ ಸ್ಥಾನದಿಂದ ಎರವು ಬಂದು ಅಲ್ಲಿಯೂ ಒಂದು ಉಳಿಯುತ್ತದೆ. ಉತ್ತರ ೧೧೦, ಎಂದರೆ ಆರು. ಎರವಿನ ಮರ್ಮವು ಹತ್ತರಲ್ಲಿಲ್ಲ, ಸ್ಥಾನಬೆಲೆಯಲ್ಲಿದೆ ಎಂಬುದು ಇದರಿಂದ ಮನದಟ್ಟಾಗುತ್ತದೆ.

ರಂಧ್ರಗಳನ್ನು ತೆರೆದು ಮುಚ್ಚಿ ಗೋಲಿಗಳನ್ನು ಉರುಳಿಸುವ ಮೂಲಕ ಈ ಲೆಕ್ಕವನ್ನು ಮಾಡುವ ಯಂತ್ರವನ್ನೂ ಆ ಹಸ್ತಪ್ರತಿಯಲ್ಲಿ ಲೈಬ್ನಿಟ್ಸನು ಕಲ್ಪಿಸಿದ್ದನು. ಆದರೆ ೧೭೦೧ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ದ್ವಿಮಾನವನ್ನು ಕುರಿತು ಪ್ರಬಂಧವನ್ನು ಕಳುಹಿಸಿದಾಗ, ಇದರ ಪ್ರಯೋಜನವೇನೆಂಬುದು ಅಲ್ಲಿಯ ವಿದ್ವಾಂಸರಿಗೆ ತಿಳಿಯಲಿಲ್ಲ. ೧೭೦೩ರಲ್ಲಿ ಚೀನಾದಿಂದ ಪಾದ್ರಿ ಬೂವೆಯು ಕಳುಹಿಸಿದ್ದ ಅರವತ್ತನಾಲ್ಕು ರೇಖಾಕೃತಿಗಳ ಪ್ರಾಚೀನ ಚಿತ್ರ ಅವನ ಕೈಸೇರಿತು. ಅದರ ತುಂಡು ಗೆರೆ ಮತ್ತು ಇಡೀ ಗೆರೆಗಳಲ್ಲಿ ಸೊನ್ನೆ ಮತ್ತು ಒಂದನ್ನು ಕಂಡು ಉತ್ಸಾಹಗೊಂಡು ಪ್ರಬಂಧವನ್ನು ಹೊಸದಾಗಿ ಬರೆದನು. ಅಕಾಡೆಮಿಯ ೧೭೦೩ರ ಸಂಪುಟದಲ್ಲಿ ಅದು ಬೆಳಕು ಕಂಡಿತು. ದಿನಬಳಕೆಯ ಲೆಕ್ಕಕ್ಕೆ ದಶಮಾನವೇ ಸಾಕೆಂದು ಅವನೂ ಒಪ್ಪಿದ್ದನು. ಆದರೆ ಸಂಖ್ಯೆಗಳ ಸ್ವರೂಪವನ್ನು ಅರಿಯಲು ದ್ವಿಮಾನವೇ ಮೂಲವೆಂಬ ನಂಬಿಕೆಯನ್ನು ಬಿಡಲಿಲ್ಲ.

ಅವನ ಕೊನೆಯ ದಿನಗಳು ಸುಖಕರವಾಗಿರಲಿಲ್ಲ. ೧೭೧೪ರಲ್ಲಿ ಒಡೆಯನು ಇಂಗ್ಲೆಂಡಿನ ಸಿಂಹಾಸನವನ್ನೇರಲು ಹೊರಟಾಗ ವೃದ್ಧ ಪಂಡಿತನು ಹ್ಯಾನೋವರಿನಲ್ಲಿಯೇ ಉಳಿಯಬೇಕಾಯಿತು. ೧೭೧೬ರ ನವೆಂಬರ್ ೧೪ರಂದು ಅವನು ನಿಧನ ಹೊಂದಿದನು. ಅಂತ್ಯಕ್ರಿಯೆಗೆ ಆಸ್ಥಾನದವರಾರೂ ಬರಲಿಲ್ಲ. ಸಮಾಧಿಯು ಬಹುಕಾಲ ಹೆಸರಿಲ್ಲದೆ ಉಳಿಯಿತು.

೧೯೪೧ರಲ್ಲಿ ಅವನ ನಾಡಿನವನೇ ಆದ ಕೊನ್ರಾಡ್ ತ್ಸೂಸೆಯು ದ್ವಿಮಾನದಲ್ಲಿ ಕೆಲಸ ಮಾಡುವ ಗಣಕಯಂತ್ರವನ್ನು ನಿರ್ಮಿಸಿದನು. ಇಂದಿನ ಗಣಕಗಳು ಕಳೆಯುವ ಲೆಕ್ಕವನ್ನೂ ಕೂಡುವ ಲೆಕ್ಕವನ್ನಾಗಿ ಮಾರ್ಪಡಿಸಿಕೊಳ್ಳುತ್ತವೆ. ಏಳನ್ನು ನಾಲ್ಕು ಸ್ಥಾನಗಳಲ್ಲಿ ೦೧೧೧ ಎಂದು ಬರೆದು, ಅಂಕಗಳನ್ನು ಅದಲು ಬದಲಾಗಿಸಿ ಒಂದನ್ನು ಸೇರಿಸಿದರೆ ೧೦೦೧ ಆಗುತ್ತದೆ. ಇದನ್ನು ೧೧೦೧ಕ್ಕೆ ಕೂಡಿ ಎಡತುದಿಯಲ್ಲಿ ಹೆಚ್ಚಾಗಿ ಬಂದ ಒಂದನ್ನು ಬಿಟ್ಟರೆ ೦೧೧೦, ಅದೇ ಆರು, ದೊರೆಯುತ್ತದೆ.

ಪ್ರಯೋಜನವೇನೆಂದು ಪಂಡಿತರೇ ಕೇಳಿದ್ದ ಗಣಿತವು ಇಂದು ಲೋಕದ ಲೆಕ್ಕವನ್ನೆಲ್ಲ ಹೊತ್ತು ನಡೆಸುತ್ತಿದೆ. ಕಲಿಸುವವರೂ ಕಲಿಕೆಗೆ ಆಶ್ರಯ ನೀಡುವವರೂ ಫಲದ ಅವಧಿಯನ್ನು ಎಣಿಸದೆ ವಿದ್ಯೆಯನ್ನು ಪೋಷಿಸಬೇಕೆಂಬುದೇ ಲೈಬ್ನಿಟ್ಸನ ಬಾಳು ನೀಡುವ ಪಾಠ.