ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು

ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಆ ಹೆಸರಿನವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಜನಿಸಿದರು. 1894ರ ದಶಂಬರದಲ್ಲಿ ಪತಿಗಳಾದ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲುರೋಗದಿಂದ ತೀರಿಹೋದಾಗ ಹಿರಿಯ ಮಗನಿಗೆ ಹತ್ತೇ ವರುಷ. ದುಃಖವನ್ನು ಎದೆಯಲ್ಲಡಗಿಸಿಕೊಂಡು ಆಕೆ 1895ರಿಂದ 1902ರ ವರೆಗೆ ಮಗನ ಪರವಾಗಿ ರಾಜ್ಯವನ್ನಾಳಿದರು. 1897ರಲ್ಲಿ ವಿಕ್ಟೋರಿಯ ಆಸ್ಪತ್ರೆಗೆ ಅಸ್ತಿವಾರದ ಕಲ್ಲನ್ನಿಟ್ಟರು. ಮರುವರುಷವೇ ಪಟ್ಟಣಕ್ಕೆ ಪ್ಲೇಗು ಬಂತು. ಮುಂದೆ ಮಗಳಾದ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗವು ಒಯ್ದಿತು. ಅರಮನೆಯ ಬಾಗಿಲು ಮರಣವನ್ನು ತಡೆಯಲಾರದೆ ಹೋಯಿತು.

ಆಕೆ 1934ರಲ್ಲಿ ತೀರಿಕೊಂಡರು. 1935ರಲ್ಲಿ ವಿಕ್ಟೋರಿಯದ ಮಗ್ಗುಲಲ್ಲೇ ತೆರೆದ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಗೆ ಆಕೆಯ ಹೆಸರನ್ನಿಟ್ಟರು.

ಹಸುಗೂಸುಗಳು ಹೆಚ್ಚಾಗಿ ಸಾಯುವದು ಮೊದಲ ವಾರದಲ್ಲಿಯೇ. ತಿಂಗಳು ತುಂಬದೆ ಹುಟ್ಟುವದು, ಉಸಿರುಕಟ್ಟುವದು, ನಂಜು, ಇವೇ ಮುಖ್ಯ ಕಾರಣಗಳು. ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಿಗೆ ಕೆಲಸಕ್ಕೆ ಹೋದ ನಮ್ಮ ಹೆಣ್ಣುಮಕ್ಕಳು ಇದನ್ನು ತಿಳಿದಿರಲಿ. ಹೆರಿಗೆಯ ಸ್ಥಳವನ್ನು ಮುಂಚೆಯೇ ಗೊತ್ತುಮಾಡಿರಿ. ಕೂಸನ್ನು ಒರಸಿ ತಾಯಿಯ ಎದೆಗೊತ್ತಿ ಬೆಚ್ಚಗಿಡಿರಿ. ಒಂದು ತಾಸಿನೊಳಗೆ ಮೊಲೆಹಾಲನ್ನು ಕೊಡಿರಿ. ಜೇನು, ಸಕ್ಕರೆನೀರು ಬೇಡ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಬೆಳಗಾಗುವ ವರೆಗೆ ಕಾಯಬೇಡಿರಿ. ರಾಣಿಯ ಹೆಸರಿನ ಆ ಬಾಗಿಲು ಕೂಲಿಯವಳಿಗೂ ತೆರೆದದೆ.