ರಾಮಾನುಜನ್ ಅವರ ಮೊದಲ ಅಧ್ಯಾಯ

ಶ್ರೀನಿವಾಸ ರಾಮಾನುಜನ್ ಎಂದೊಡನೆ ನಮಗೆ ನೆನಪಾಗುವುದು ಕಠಿಣವಾದ ಸೂತ್ರಗಳು. ಆದರೆ ಅವರ ಹೆಸರಾಂತ ನೋಟ್‌ಬುಕ್ಕಿನ ಮೊದಲ ಅಧ್ಯಾಯದಲ್ಲಿರುವುದು ಮಕ್ಕಳೂ ಆಡಬಹುದಾದ ಮಾಯಾಚೌಕ. ಅದು ಅವರ ಶಾಲಾ ದಿನಗಳ ಕೆಲಸವೆಂದು ವಿದ್ವಾಂಸರ ಎಣಿಕೆ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯ ಗುಮಾಸ್ತರು. ಕಾಗದ ದುಬಾರಿ, ಆದ್ದರಿಂದ ಲೆಕ್ಕವೆಲ್ಲ ಸ್ಲೇಟಿನ ಮೇಲೆ, ಫಲಿತಾಂಶ ಮಾತ್ರ ಪುಸ್ತಕಕ್ಕೆ.

ಒಂಬತ್ತು ಮನೆಗಳ ಈ ಚೌಕವನ್ನು ನೋಡಿ:

8 1 6
3 5 7
4 9 2

ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ 15. ಬಾಲಕ ಅಷ್ಟಕ್ಕೇ ತೃಪ್ತನಾಗಲಿಲ್ಲ. ನಡುಮನೆಯ ಮೂಲಕ ಹಾಯುವ ನಾಲ್ಕೂ ಸಾಲುಗಳಲ್ಲಿ ಸಂಖ್ಯೆಗಳು ಸಮಾನ ಅಂತರದಲ್ಲಿ ಏರುತ್ತವೆ: 1, 5, 9, 2, 5, 8, 3, 5, 7, 4, 5, 6. ಇಂಥ ಯಾವ ಚೌಕದಲ್ಲೂ ಹೀಗೆಯೇ ಎಂಬ ನಿಯಮವನ್ನು ಅವರು ಬರೆದಿಟ್ಟರು.

1904ರಲ್ಲಿ ಗಣಿತದ ಬಹುಮಾನದೊಂದಿಗೆ ಶಾಲೆ ಮುಗಿಯಿತು, ಕಾಲೇಜಿಗೆ ವಿದ್ಯಾರ್ಥಿವೇತನವೂ ಸಿಕ್ಕಿತು. ಗಣಿತದ ಗುಂಗಿನಲ್ಲಿ ಉಳಿದ ವಿಷಯಗಳು ಕೈಬಿಟ್ಟವು, ವಿದ್ಯಾರ್ಥಿವೇತನ ತಪ್ಪಿತು. ಮದರಾಸಿನಲ್ಲಿ ಮತ್ತೆ ಪ್ರಯತ್ನಿಸಿದರೂ ಪಾಸಾಗಲಿಲ್ಲ. ಪದವಿಯಿಲ್ಲದ ಯುವಕನ ಕೈಯಲ್ಲಿದ್ದುದು ನೋಟ್‌ಬುಕ್ ಮಾತ್ರ.

1910ರಲ್ಲಿ ಅದನ್ನು ಹಿಡಿದು, ಸಣ್ಣದೊಂದು ನೌಕರಿ ಕೇಳಲು ವಿ. ರಾಮಸ್ವಾಮಿ ಅಯ್ಯರ್ ಅವರ ಬಳಿ ಹೋದರು. ಅಯ್ಯರ್ ಡೆಪ್ಯುಟಿ ಕಲೆಕ್ಟರ್. ಭಾರತೀಯ ಗಣಿತ ಸಂಘದ ಸ್ಥಾಪಕರೂ ಹೌದು. ಅವರು ಅಂಕಪಟ್ಟಿ ನೋಡಲಿಲ್ಲ, ಪುಟ ತಿರುವಿದರು. ಇಂಥ ಪ್ರತಿಭೆಯನ್ನು ಕಚೇರಿಯ ಮೂಲೆಯಲ್ಲಿ ಕೂರಿಸಲು ಮನಸ್ಸಾಗದೆ, ಗಣಿತ ಬಲ್ಲ ಗೆಳೆಯರಿಗೆ ಪತ್ರ ಕೊಟ್ಟು ಕಳಿಸಿದರು. ಮುಂದೆ 1912ರಲ್ಲಿ ಮದರಾಸು ಬಂದರಿನಲ್ಲಿ ಗುಮಾಸ್ತಗಿರಿ, 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ, 1914ರಲ್ಲಿ ಇಂಗ್ಲೆಂಡ್ ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. 1920ರ ಏಪ್ರಿಲ್ 26ರಂದು ಅವರು ತೀರಿಕೊಂಡಾಗ ವಯಸ್ಸು ಕೇವಲ 32.

ಇಂದು ನಮ್ಮ ಮಕ್ಕಳ ಕೈಗೆ ಪ್ರಮಾಣಪತ್ರ ಬರುತ್ತಿದೆ, ಸಂತೋಷ. ಪಾಲಕರೇ, ಶಿಕ್ಷಕರೇ, ಅದರ ಜೊತೆಗೆ ಮಕ್ಕಳ ನೋಟ್‌ಬುಕ್ಕನ್ನೂ ಒಮ್ಮೆ ತೆರೆದು ನೋಡೋಣ. ಮನೆಯ ಕ್ಯಾಲೆಂಡರಿನಲ್ಲಿ ಒಂದು ದಿನಾಂಕವನ್ನೂ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕನ್ನೂ ಕನ್ನಡದಲ್ಲೇ ಕೂಡಲು ಹೇಳಿ. ಮೊತ್ತ ನಡುವಿನ ದಿನಾಂಕದ ಐದರಷ್ಟು ಬರುತ್ತದೆ. ಏಕೆ ಎಂದು ಮಗು ಕೇಳಿದರೆ ಉತ್ತರ ಹೇಳಿಬಿಡಬೇಡಿ. ಜೊತೆಗೆ ಕುಳಿತು ಹುಡುಕಿ.