ಆಯಿಲ್ ಸಿಟಿಯ ಮಾಸ್ತರರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ನಾನು ಕಂಪ್ಯೂಟರ್ ಬಗ್ಗೆ ಬರೆಯುವೆನೆಂದು ಗುರುಗಳು ಎಣಿಸಿದ್ದರು. ಆದರೆ ನನಗೆ ಬರೆಯಬೇಕೆನಿಸಿದ್ದು ಒಬ್ಬ ಹೈಸ್ಕೂಲ್ ಮಾಸ್ತರರ ಬಗ್ಗೆ. ಅವರು ಜಾನ್ ಡ್ಯೂಯಿ. ಬಿ.ಎಡ್. ಮಾಡಿದವರೆಲ್ಲ ಈ ಹೆಸರನ್ನು ಪರೀಕ್ಷೆಗಾಗಿ ಓದಿರುತ್ತಾರೆ. ಅವರೂ ಒಂದು ಕಾಲಕ್ಕೆ ಹುಡುಗರ ಗದ್ದಲ ತಡೆಯಲಾರದೆ ಒದ್ದಾಡಿದವರೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಡ್ಯೂಯಿ ಹುಟ್ಟಿದ್ದು 1859ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಪದವಿ ಮುಗಿಸಿ 1879ರಲ್ಲಿ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಎಂಬ ಊರಿನ ಹೈಸ್ಕೂಲಿಗೆ ಸೇರಿದರು. ಎರಡು ವರ್ಷ ಲ್ಯಾಟಿನ್, ಬೀಜಗಣಿತ, ವಿಜ್ಞಾನ ಕಲಿಸಿದರು. ಆಮೇಲೆ ತಮ್ಮ ರಾಜ್ಯಕ್ಕೇ ಮರಳಿ ಒಂದು ಹಳ್ಳಿಯ ಶಾಲೆಯಲ್ಲಿ ಸ್ವಲ್ಪ ಕಾಲ ದುಡಿದರು. ಅಲ್ಲಿ ಮಕ್ಕಳನ್ನು ಹತೋಟಿಯಲ್ಲಿಡುವುದೇ ಕಷ್ಟವಾಯಿತು. 1882ರಲ್ಲಿ ಬಂಧುವೊಬ್ಬರಿಂದ 500 ಡಾಲರ್ ಸಾಲ ಪಡೆದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. ಕೇಳಿದ ಫೆಲೋಶಿಪ್ ಸಿಗಲಿಲ್ಲ. ಆದರೂ ಎರಡೇ ವರ್ಷಗಳಲ್ಲಿ ಪಿಎಚ್.ಡಿ. ಮುಗಿಸಿದರು. ವಿಷಯ ತತ್ತ್ವಜ್ಞಾನಿ ಕಾಂಟ್‌ನ ಮನಶ್ಶಾಸ್ತ್ರ. ಆ ಪ್ರಬಂಧದ ಒಂದು ಪ್ರತಿಯೂ ಇಂದು ಉಳಿದಿಲ್ಲ!

ಇಷ್ಟಾದ ಮೇಲೆ ಅವರು ತರಗತಿಯನ್ನು ಮರೆತು ಪ್ರಾಧ್ಯಾಪಕರಾಗಿ ಹಾಯಾಗಿರಬಹುದಿತ್ತು. ಹಾಗಾಗಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ, 1896ರಲ್ಲಿ, 16 ಮಕ್ಕಳು ಮತ್ತು ಇಬ್ಬರು ಶಿಕ್ಷಕರೊಂದಿಗೆ ಒಂದು ಶಾಲೆ ತೆರೆದರು. ಭೌತಶಾಸ್ತ್ರಕ್ಕೆ ಪ್ರಯೋಗಾಲಯ ಇರುವಂತೆ ಶಿಕ್ಷಣಶಾಸ್ತ್ರಕ್ಕೂ ಒಂದು ಬೇಕೆಂಬುದು ಅವರ ವಾದ. ಮಕ್ಕಳು ಕೆಲಸ ಮಾಡಲು ತಕ್ಕ ಮೇಜುಗಳಿಗಾಗಿ ಅಂಗಡಿ ಅಂಗಡಿ ಅಲೆದರಂತೆ. ಕೊನೆಗೆ ಒಬ್ಬ ವ್ಯಾಪಾರಿ, ತನ್ನಲ್ಲಿರುವ ಮೇಜುಗಳೆಲ್ಲ ಕುಳಿತು ಕೇಳುವುದಕ್ಕೆ ಮಾತ್ರ ಎಂದು ಒಪ್ಪಿಕೊಂಡ.

ಅಲ್ಲಿನ ಒಂದು ಪಾಠ ನಮ್ಮೂರಿನವರಿಗೆ ಹಿಡಿಸೀತು. ಬಟ್ಟೆಯ ಇತಿಹಾಸ ಕಲಿಸುವಾಗ ಮಕ್ಕಳ ಕೈಗೆ ಹತ್ತಿ, ಉಣ್ಣೆ ಎರಡನ್ನೂ ಕೊಟ್ಟರು. ಅರ್ಧ ಗಂಟೆ ಕಷ್ಟಪಟ್ಟು ಕಾಳಿನಿಂದ ಅರಳೆ ಬಿಡಿಸಿದರೂ ಸಿಕ್ಕಿದ್ದು ಒಂದು ಔನ್ಸಿಗೂ ಕಡಿಮೆ, ಅಂದರೆ 28 ಗ್ರಾಂ ಒಳಗೆ. ಉಣ್ಣೆಗಿಂತ ಹತ್ತಿಯ ಉದ್ಯಮ ಅಲ್ಲಿ ತಡವಾಗಿ ಬೆಳೆದದ್ದೇಕೆ, ಜಿನ್ ಯಂತ್ರ ಬಂದೊಡನೆ ಎಲ್ಲ ಬದಲಾದದ್ದೇಕೆ ಎಂಬುದು ಆ ಮಕ್ಕಳ ಬೆರಳಿಗೇ ತಿಳಿಯಿತು. ಅಡುಗೆಯ ಪಾಠದಲ್ಲಿ ನೀರಿನ ಬಿಸಿ ಏರಿದಂತೆ ಮೊಟ್ಟೆಯ ಬಿಳಿಭಾಗ ಹೇಗೆ ಗಟ್ಟಿಯಾಗುತ್ತದೆಂದು ಅಳೆದು ನೋಡಿದರು. ನಾನಂತೂ ಪ್ರಯೋಗಗಳನ್ನು ಬಾಯಿಪಾಠ ಮಾಡಿ ಪಾಸಾದವನು. ಬಿ.ಇ. ಸೇರಿದ ಮೇಲೆ ಅದರ ಫಲ ಉಂಡೆ.

ಶಾಲೆಯ ಆಡಳಿತದ ವಿಚಾರದಲ್ಲೇ ವಿಶ್ವವಿದ್ಯಾಲಯದೊಡನೆ ಮನಸ್ತಾಪವಾಗಿ 1904ರಲ್ಲಿ ಡ್ಯೂಯಿ ಅದನ್ನು ಬಿಟ್ಟರು. ಎಷ್ಟು ನೋವಾಗಿರಬೇಕು! ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1909ರಲ್ಲಿ ಬಾಸ್ಟನ್‌ನಲ್ಲಿ ವಿಜ್ಞಾನಿಗಳ ಸಭೆಯಲ್ಲೇ ನಿಂತು, ಶಾಲೆಗಳು ವಿಜ್ಞಾನವನ್ನು ಸಿದ್ಧ ಸಂಗತಿಗಳ ರಾಶಿಯಾಗಿ ಕಲಿಸುತ್ತಿವೆ, ಯೋಚಿಸುವ ವಿಧಾನವಾಗಿ ಅಲ್ಲ ಎಂದು ದೂರಿದರು. ಕೆಲವೇ ವರ್ಷಗಳಲ್ಲಿ ಅವರ ತರಗತಿಗೆ ಭಾರತದ ಒಬ್ಬ ವಿದ್ಯಾರ್ಥಿ ಬಂದರು: ಭೀಮರಾವ್ ಅಂಬೇಡ್ಕರ್. ಬಾಬಾಸಾಹೇಬರು ಈ ಗುರುವನ್ನು ಜೀವನಪೂರ್ತಿ ನೆನೆದರು. ಡ್ಯೂಯಿ 1952ರಲ್ಲಿ ತೀರಿಕೊಂಡರು. ಷಿಕಾಗೋದ ಶಾಲೆ ಇಂದಿಗೂ ನಡೆಯುತ್ತಿದೆ.

ನಮ್ಮ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಹತ್ತಿ ಬಂದಾಗ ಎಂಟನೆಯ ತರಗತಿಯವರಿಂದ ಆ ಅರ್ಧ ಗಂಟೆಯ ಪಾಠ ಮಾಡಿಸಿ ನೋಡಿ. ತೂಗಲು ತಕ್ಕಡಿ ನಾನು ಕೊಡಿಸುತ್ತೇನೆ.